‘ಇನ್ನೆಷ್ಟು ದಿನ?’ – ಒಂದು ಅಂಕಿಯ ಇತಿಹಾಸ

ಊರಿನಿಂದ ಚಿಕಿತ್ಸೆಗೆಂದು ಮುಂಬಯಿಗೆ ಬರುವ ಬಂಧುಗಳು ನಮ್ಮ ನಿಮ್ಮ ಮನೆಗಳಲ್ಲಿ ಇಳಿದುಕೊಳ್ಳುವುದು ಹೊಸತೇನಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಸೋದರಮಾವನವರೂ ಹಾಗೆಯೇ ಬಂದರು. ಯಕೃತ್ತಿನ ಕ್ಯಾನ್ಸರು, ಅದೂ ಬಲಿತದ್ದು. ವೈದ್ಯರು ‘ಸಾಮಾನ್ಯವಾಗಿ ಇಷ್ಟು ತಿಂಗಳು’ ಎಂದರು. ಅತ್ತೆಯವರು ಅಂದು ರಾತ್ರಿಯೇ ಕ್ಯಾಲೆಂಡರಿನಲ್ಲಿ ಆಷಾಢ ಮಾಸಕ್ಕೆ ಗುರುತು ಹಾಕಿಟ್ಟರು. ಬಿ.ಎಸ್ಸಿ. ಓದಿ ಕಚೇರಿಯ ಕಡತಗಳಲ್ಲಿ ಮುಳುಗಿದ ನಮಗೆ, ಆ ಅಂಕಿ ಎಲ್ಲಿಂದ ಬಂತೆಂದು ತಿಳಿಯುವ ಹಂಬಲ ಹುಟ್ಟಿದ್ದು ಆಗ.

ಈ ರೋಗದಲ್ಲಿ ಬಹುಮಂದಿಗೆ ಗಡ್ಡೆ ಹುಟ್ಟುವ ಮೊದಲೇ ಹೆಪಟೈಟಿಸ್ ಸೋಂಕಿನಿಂದಲೋ ಮದ್ಯದಿಂದಲೋ ಯಕೃತ್ತು ಕೆಟ್ಟಿರುತ್ತದೆ. ಆದ್ದರಿಂದ ಗಡ್ಡೆ ಎಷ್ಟು ದೊಡ್ಡದು ಎಂಬುದರ ಜೊತೆಗೆ, ಯಕೃತ್ತಿನಲ್ಲಿ ಎಷ್ಟು ಕಸುವು ಉಳಿದಿದೆ ಎಂಬುದೂ ಆಯುಷ್ಯವನ್ನು ನಿರ್ಧರಿಸುತ್ತದೆ. ಇದನ್ನು ಅಳೆಯುವ ಕ್ರಮ ಹುಟ್ಟಿದ್ದು ಕ್ಯಾನ್ಸರಿಗಾಗಿ ಅಲ್ಲ. ಶಸ್ತ್ರಕ್ರಿಯೆಯನ್ನು ಯಾರು ತಾಳಬಲ್ಲರೆಂದು ತಿಳಿಯಲು ಅಮೆರಿಕದ ಚೈಲ್ಡ್ ಮತ್ತು ಟರ್ಕಾಟ್ 1964ರಲ್ಲಿ ಅದನ್ನು ರೂಪಿಸಿದರು. 1973ರಲ್ಲಿ ಲಂಡನ್ನಿನ ಪ್ಯೂ ಮತ್ತು ಸಂಗಡಿಗರು ಅದನ್ನು ತಿದ್ದಿದರು. ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ವೇಳೆ, ಜಲೋದರ, ಬುದ್ಧಿಮಂಕು – ಈ ಐದಕ್ಕೆ ತಲಾ 1ರಿಂದ 3 ಅಂಕ. ಶಾಲೆಯ ಲೆಕ್ಕಕ್ಕೆ ಇದು ತಿರುಗುಮುರುಗು: 5 ಬಂದರೆ ಉತ್ತಮ, 15 ಬಂದರೆ ಕನಿಷ್ಠ.

1985ರಲ್ಲಿ ಜಪಾನಿನ ಒಕುಡಾ ಮತ್ತು ಸಂಗಡಿಗರು 850 ರೋಗಿಗಳನ್ನು ಗಮನಿಸಿ, ಗಡ್ಡೆಯನ್ನೂ ಯಕೃತ್ತಿನ ಸ್ಥಿತಿಯನ್ನೂ ಸೇರಿಸಿ ಮೂರು ಹಂತ ಮಾಡಿದರು. ವಿಶೇಷ ಚಿಕಿತ್ಸೆ ಪಡೆಯದವರಲ್ಲಿ ಮೊದಲ ಹಂತದವರಿಗೆ 8.3 ತಿಂಗಳು, ಕೊನೆಯ ಹಂತದವರಿಗೆ ಬರಿಯ 0.7 ತಿಂಗಳು!

ಈ 8.3 ಎಂದರೇನು? ಇದು ಮಧ್ಯಾಂಕ. ಅರ್ಧ ಮಂದಿ ಅದಕ್ಕೆ ಮುಂಚೆ ತೀರಿಕೊಂಡರು, ಉಳಿದರ್ಧ ಅದನ್ನು ದಾಟಿದರು ಎಂದಷ್ಟೇ ಅರ್ಥ. ಇನ್ನೂ ಬದುಕಿರುವವರನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆಂಬುದನ್ನು 1958ರಲ್ಲಿಯೇ ಕಪ್ಲಾನ್ ಮತ್ತು ಮೈಯರ್ ತೋರಿಸಿಕೊಟ್ಟಿದ್ದರು. ನಮ್ಮ ಕಚೇರಿಯ ಮಾತಿನಲ್ಲಿ ಹೇಳುವುದಾದರೆ, ಇತ್ಯರ್ಥವಾಗದ ಕಡತವನ್ನು ಎಸೆಯದೆ, ತಿಳಿದಿರುವ ದಿನಾಂಕದವರೆಗೆ ಲೆಕ್ಕಕ್ಕೆ ಸೇರಿಸಿಕೊಳ್ಳುವುದು.

1999ರಲ್ಲಿ ಬಾರ್ಸಿಲೋನಾದ ವೈದ್ಯರು ರೋಗಿಯ ಓಡಾಟದ ಶಕ್ತಿಯನ್ನೂ ಸೇರಿಸಿ, ಹಂತಕ್ಕೆ ತಕ್ಕ ಚಿಕಿತ್ಸೆಯನ್ನು ಸೂಚಿಸಿದರು. 2008ರಲ್ಲಿ ಸೊರಾಫೆನಿಬ್ ಮಾತ್ರೆಯ ಪರೀಕ್ಷೆಯ ವರದಿ ಬಂತು. 602 ಮಂದಿಯಲ್ಲಿ ಮಾತ್ರೆ ಪಡೆದವರ ಮಧ್ಯಾಂಕ 10.7 ತಿಂಗಳು, ಪಡೆಯದವರದು 7.9. ಮುಂದೆ ಅಟೆಜೊಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್ ಎಂಬ ಜೋಡಿ ಔಷಧಿ ಬಂದು, 2022ರ ವರದಿಯಂತೆ ಅದು 19.2ಕ್ಕೆ ಏರಿತು. ಅದೇ ಪರೀಕ್ಷೆಯಲ್ಲಿ ಹಳೆಯ ಸೊರಾಫೆನಿಬ್ ಪಡೆದವರದೂ 13.4 ಆಗಿತ್ತು. ಮಾತ್ರೆ ಅದೇ, ಅಂಕಿ ಬೇರೆ! ಅಂಕಿ ಆಯಾ ಗುಂಪಿಗೆ, ಆಯಾ ಕಾಲಕ್ಕೆ ಸೇರಿದ್ದು. ಇವೆಲ್ಲ ಯಕೃತ್ತಿನ ಕಸುವು ಇನ್ನೂ ಚೆನ್ನಾಗಿದ್ದವರ ಅಂಕಿಗಳು ಎಂಬುದನ್ನೂ ಮರೆಯಬಾರದು.

ಹಾಗೆಂದು ಅಂಕಿ ಸುಳ್ಳಲ್ಲ. ಚಿಕಿತ್ಸೆ ಯಾವುದು, ಊರಿಗೆ ಹೋಗುವುದು ಯಾವಾಗ, ಮನೆಯ ವ್ಯವಹಾರ ಹೇಗೆ ಎಂದು ನಿರ್ಧರಿಸಲು ಅದು ಬೇಕು. ಆದರೆ ‘ಇದು ಯಾರ ಲೆಕ್ಕ? ನಮ್ಮವರ ಯಕೃತ್ತು ಯಾವ ವರ್ಗದ್ದು?’ ಎಂದು ವೈದ್ಯರನ್ನು ಕೇಳುವುದು ಲೇಸು. ನಾವು ಅಂದು ಕೇಳಲಿಲ್ಲ.

ಆಷಾಢಕ್ಕೆ ಮುಂಚೆ ಬಂಧುಬಳಗವೆಲ್ಲ ಬಂದು ಮಾವನವರನ್ನು ನೋಡಿಕೊಂಡು ಹೋದರು. ಆಷಾಢ ಕಳೆಯಿತು, ಶ್ರಾವಣ ಬಂತು, ಮಾವನವರು ಇದ್ದರು. ದೀಪಾವಳಿಯಂದೂ ಇದ್ದರು. ಆದರೆ ಆ ತಿಂಗಳುಗಳಲ್ಲಿ ಅವರನ್ನು ನೋಡಲು ಯಾರೂ ಬರಲಿಲ್ಲ.