ಸಿಲಾಜಿಸಂ

ಸಿಲಾಜಿಸಂ ಎಂಬುದು ಕೊಟ್ಟಿರುವ ಹೇಳಿಕೆಗಳಿಂದ ಅನಿವಾರ್ಯವಾಗಿ ಹೊರಡುವ ತೀರ್ಮಾನವನ್ನು ನಿರ್ಧರಿಸುವ ತರ್ಕವಿಧಾನ. ಕ್ರಿ.ಪೂ. 4ನೆಯ ಶತಮಾನದಲ್ಲಿ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಇದನ್ನು ವ್ಯವಸ್ಥಿತವಾಗಿ ನಿರೂಪಿಸಿದನು. ಭಾರತದಲ್ಲಿ ಬ್ಯಾಂಕ್ ಹಾಗೂ ಸರ್ಕಾರಿ ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆಗಳ ತಾರ್ಕಿಕ ಸಾಮರ್ಥ್ಯ ವಿಭಾಗದಲ್ಲಿ ಈ ಬಗೆಯ ಪ್ರಶ್ನೆಗಳಿರುತ್ತವೆ.

ಹೇಳಿಕೆಗಳ ವಿಧಗಳು

ಹೇಳಿಕೆಗಳಲ್ಲಿ ನಾಲ್ಕು ವಿಧಗಳಿವೆ:
- ಎಲ್ಲ 'ಅ'ಗಳು 'ಬ'ಗಳು.
- ಯಾವ 'ಅ'ವೂ 'ಬ' ಅಲ್ಲ.
- ಕೆಲವು 'ಅ'ಗಳು 'ಬ'ಗಳು.
- ಕೆಲವು 'ಅ'ಗಳು 'ಬ'ಗಳಲ್ಲ.

ತರ್ಕದಲ್ಲಿ 'ಕೆಲವು' ಎಂದರೆ 'ಕನಿಷ್ಠ ಒಂದು' ಎಂದರ್ಥ. ಅದು 'ಎಲ್ಲ' ಎಂಬ ಸಾಧ್ಯತೆಯನ್ನು ತಳ್ಳಿಹಾಕುವುದಿಲ್ಲ.

ಬಿಡಿಸುವ ಕ್ರಮ

ಪ್ರತಿಯೊಂದು ವರ್ಗವನ್ನು ಒಂದು ವೃತ್ತವೆಂದು ಭಾವಿಸಿ, ಹೇಳಿಕೆಗಳಿಗೆ ಹೊಂದುವ ಎಲ್ಲ ಚಿತ್ರಗಳನ್ನು ಬರೆಯಬೇಕು. ಎಲ್ಲ ಚಿತ್ರಗಳಲ್ಲಿಯೂ ನಿಜವಾಗುವ ತೀರ್ಮಾನ ಮಾತ್ರ ಸರಿ; ವಿರುದ್ಧವಾದ ಒಂದೇ ಚಿತ್ರ ಸಿಕ್ಕರೂ ಅದು ಸಲ್ಲುವುದಿಲ್ಲ.

ಉದಾಹರಣೆ:
ಹೇಳಿಕೆಗಳು: ಎಲ್ಲ ತೆಂಗುಗಳು ಮರಗಳು. ಕೆಲವು ಮರಗಳು ಎತ್ತರವಾಗಿವೆ.
ತೀರ್ಮಾನ: ಕೆಲವು ತೆಂಗುಗಳು ಎತ್ತರವಾಗಿವೆ.

ಲೋಕಾನುಭವದಲ್ಲಿ ಇದು ನಿಜವಾದರೂ ಹೇಳಿಕೆಗಳಿಂದ ಹೊರಡುವುದಿಲ್ಲ. ಆ ಎತ್ತರದ ಮರಗಳು ತೆಂಗಿನ ವೃತ್ತದ ಹೊರಗೇ ಇರಬಹುದು. ಇದಕ್ಕೆ ವ್ಯತಿರಿಕ್ತವಾಗಿ, 'ಎಲ್ಲ ನದಿಗಳು ಬೆಟ್ಟಗಳು. ಎಲ್ಲ ಬೆಟ್ಟಗಳು ಹಕ್ಕಿಗಳು' ಎಂಬ ಹೇಳಿಕೆಗಳಿಂದ 'ಎಲ್ಲ ನದಿಗಳು ಹಕ್ಕಿಗಳು' ಎಂಬ ತೀರ್ಮಾನ ತಪ್ಪದೆ ಹೊರಡುತ್ತದೆ. ಪರೀಕ್ಷೆಗೊಳಪಡುವುದು ವಾಸ್ತವದ ಅರಿವಲ್ಲ, ಹೇಳಿಕೆಗಳ ನಡುವಣ ಸಂಬಂಧ.

'ಇದು ಅಥವಾ ಅದು' ಎಂಬ ಉತ್ತರ

'ಕೆಲವು ತೆಂಗುಗಳು ಎತ್ತರವಾಗಿವೆ', 'ಯಾವ ತೆಂಗೂ ಎತ್ತರವಾಗಿಲ್ಲ' ಎಂಬ ಎರಡು ತೀರ್ಮಾನಗಳನ್ನು ಕೊಟ್ಟಾಗ ಪ್ರತ್ಯೇಕವಾಗಿ ಯಾವುದೂ ಸಿದ್ಧವಾಗುವುದಿಲ್ಲ. ಆದರೆ ಎರಡರಲ್ಲಿ ಒಂದು ನಿಜವಾಗಿರಲೇಬೇಕಾದ್ದರಿಂದ 'ಎರಡರಲ್ಲಿ ಒಂದು' ಎಂಬುದೇ ಸರಿಯುತ್ತರ.