ಬೊನ್ ಇದೆಯಾ?

ನೆದರ್ಲೆಂಡ್ಸ್‌ನ ಅಂಗಡಿಗಳಲ್ಲಿ ದುಡ್ಡು ಕೊಟ್ಟಾದ ಮೇಲೆ ಗಲ್ಲಾದವರು ‘ಬೊನ್ನೆಟ್ಯೆ’ ಬೇಕೇ ಎಂದು ಕೇಳುತ್ತಾರೆ. ಬೊನ್ ಎಂದರೆ ರಸೀದಿ. ಬಾಲದಲ್ಲಿರುವ ‘ಟ್ಯೆ’ ಡಚ್ಚರ ಮುದ್ದಿನ ಪ್ರತ್ಯಯ. ಬಿಯರಿಗೂ ಬಿಸಿಲಿಗೂ ಅದನ್ನು ಅಂಟಿಸಿಯೇ ಮಾತಾಡುವ ಜನ ಅವರು.

ಮುದ್ದು ಗಲ್ಲಾದ ಮುಂದೆ ಮಾತ್ರ. ಅಳತೆ ಸರಿಹೋಗದ ಅಂಗಿಯನ್ನು ವಾಪಸ್ ಕೊಡಲು ಹೋದರೆ ಮೊದಲು ಕೇಳುವುದೇ ಬೊನ್. ಅಂಥ ಅಂಗಿಯನ್ನು ಹಿಂದೆ ತೆಗೆದುಕೊಳ್ಳಲೇಬೇಕೆಂದು ಕಾನೂನಿಲ್ಲ, ಅದು ಅಂಗಡಿಯ ಸೌಜನ್ಯ. ಹಾಗಾಗಿ ಅಂಗಡಿ ಹೇಳಿದ್ದೇ ಷರತ್ತು. ಕೆಟ್ಟ ಮಾಲು ಬಂದಿದ್ದರೆ ಲೆಕ್ಕ ಬೇರೆ. ಆಗ ಬ್ಯಾಂಕಿನ ಸ್ಟೇಟ್‌ಮೆಂಟ್ ತೋರಿಸಿದರೂ ಖರೀದಿಗೆ ಪುರಾವೆಯಾದೀತು.

ಪದ ಬಂದದ್ದು ಫ್ರೆಂಚಿನಿಂದ. ಅಲ್ಲಿ ‘ಬೊನ್’ ಅಂದರೆ ಒಳ್ಳೆಯದು, ಇಷ್ಟಕ್ಕೆ ಸಲ್ಲುವಂಥದ್ದು. ಉಡುಗೊರೆಯ ಕೂಪನ್ನೂ ಬೊನ್ ಆದದ್ದು ಆ ಅರ್ಥದಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಕ್ಕರೆ, ಬ್ರೆಡ್ಡು, ಕಾಫಿ ಎಲ್ಲವೂ ‘ಬೊನ್ ಮೇಲೆ’ ಹೋದವು, ಅಂದರೆ ರೇಷನ್ ಆದವು. ಕಾಫಿಗೆ ಬಿಡುಗಡೆ ಸಿಕ್ಕಿದ್ದು 1952ರಲ್ಲಿ. ಪೊಲೀಸರು ಬರೆದುಕೊಡುವ ದಂಡದ ಚೀಟಿಯೂ ಬೊನ್ನೇ. ಅದರಲ್ಲಿ ಒಳ್ಳೆಯದೇನಿದೆಯೋ ಫ್ರೆಂಚರೇ ಹೇಳಬೇಕು.

ಈ ಪದದ ಅತಿ ದೊಡ್ಡ ಪ್ರತಾಪ ಕಂಡದ್ದು ಸಂಸತ್ತಿನಲ್ಲಿ. 2000ದಲ್ಲಿ ಸರ್ಕಾರಿ ಅಭಿಯೋಜಕರಾಗಿದ್ದ ಫ್ರೆಡ್ ಟೇಫನ್, ಮಾದಕವಸ್ತು ಅಪರಾಧಿಯೊಬ್ಬನೊಂದಿಗೆ ಒಪ್ಪಂದ ಮಾಡಿಕೊಂಡು ಹಣ ಮರಳಿಸಿದ್ದರು. ಎಷ್ಟು ಎಂದು ಸಂಸತ್ತು ಕೇಳಿದಾಗ ನ್ಯಾಯ ಸಚಿವ ಈವೊ ಒಪ್‌ಸ್ಟೆಲ್ಟನ್ ಹೇಳಿದ್ದು 12.5 ಲಕ್ಷ ಗಿಲ್ಡರ್. ಸಿಗುವುದೇ ಇಲ್ಲ ಎನ್ನಲಾಗಿದ್ದ ದಾಖಲೆ ಕೊನೆಗೂ ಸಿಕ್ಕಿದಾಗ ಅದರಲ್ಲಿದ್ದದ್ದು 47 ಲಕ್ಷಕ್ಕೂ ಮಿಕ್ಕಿ. 2015ರ ಮಾರ್ಚ್‌ನಲ್ಲಿ ಸಚಿವರೂ, ಅಷ್ಟರಲ್ಲಿ ಕಿರಿಯ ಸಚಿವರಾಗಿದ್ದ ಟೇಫನ್‌ರೂ ಒಟ್ಟಿಗೇ ರಾಜೀನಾಮೆ ಕೊಟ್ಟರು. ಅದೇ ಡಿಸೆಂಬರಿನಲ್ಲಿ ಕೆಳಮನೆಯ ಸ್ಪೀಕರ್, 2017ರ ಜನವರಿಯಲ್ಲಿ ಒಪ್‌ಸ್ಟೆಲ್ಟನ್‌ರ ಉತ್ತರಾಧಿಕಾರಿಯೂ ಇದೇ ಗೊಂದಲದಲ್ಲಿ ಕುರ್ಚಿ ಬಿಟ್ಟರು. ಸಿಕ್ಕಿದ್ದು ಬ್ಯಾಂಕ್ ವರ್ಗಾವಣೆಯ ದಾಖಲೆ, ಅಂಗಡಿಯ ಚೀಟಿಯಲ್ಲ. ಆದರೂ ಪತ್ರಿಕೆಗಳು ಅದನ್ನು ಕರೆದದ್ದು ‘ಬೊನ್ನೆಟ್ಯೆ’ ಎಂದೇ!

ಗಡಿ ದಾಟಿ ಬೆಲ್ಜಿಯಂಗೆ ಹೋದರೆ ಡಚ್ ಅದೇ, ಚೀಟಿಯ ಹೆಸರು ಬೇರೆ. ಫ್ಲಾಂಡರ್ಸ್‌ನವರಿಗೆ ಅದು ‘ಕಾಸ್‌ಟಿಕೆಟ್’.

ಹಾಲೆಂಡಿನ ಕೆಲವು ಸೂಪರ್‌ಮಾರ್ಕೆಟ್‌ಗಳಲ್ಲಿ ಈಗ ಗಿರಾಕಿಯೇ ಸ್ಕ್ಯಾನ್ ಮಾಡಿ ದುಡ್ಡು ಕಟ್ಟುತ್ತಾನೆ. ಚೀಟಿಯ ಬಾರ್‌ಕೋಡನ್ನು ಗೇಟಿಗೆ ತೋರಿಸದಿದ್ದರೆ ಹೊರಗೆ ಬಿಡುವುದಿಲ್ಲ. ಬೇಡ ಎಂದು ಒತ್ತಿದವನಿಗೂ ಯಂತ್ರ ಒಂದು ತುಂಡು ಕಾಗದವನ್ನು ಕೊಟ್ಟೇ ಕಳಿಸುತ್ತದೆ.