ತಗ್ಗಿದ ಕಾರಿನ ಕಥೆ

ಕೊಪ್ಪಳ ಜಿಲ್ಲೆಯ ಹುಲಿಹೈದರದಂಥ ಊರುಗಳ ಹೊಲದ ದಾರಿಯಲ್ಲಿ ಕಾರಿನ ತಳ ನೆಲಕ್ಕೆ ತಾಗದಿದ್ದರೆ ಅದೇ ಪುಣ್ಯ. ಆದರೆ ಎರಡನೇ ಮಹಾಯುದ್ಧದ ನಂತರ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಮೆಕ್ಸಿಕೋ ಮೂಲದ ಯುವಕರು ಹಳೆಯ ಕಾರುಗಳನ್ನು ಬೇಕೆಂದೇ ತಗ್ಗಿಸಿದರು. ಖರ್ಚು ಅಲ್ಪ: ಡಿಕ್ಕಿಯಲ್ಲಿ ಮರಳಿನ ಚೀಲ ಹೇರುವುದು, ಇಲ್ಲವೇ ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸುವುದು. ಅವರಿಗೆ ವೇಗ ಬೇಕಿರಲಿಲ್ಲ. ಮೆಲ್ಲಗೆ ಸಾಗಿ ‘ನಾವೂ ಇಲ್ಲಿಯವರೇ’ ಎಂದು ತೋರಿಸಬೇಕಿತ್ತು.

1958ರಲ್ಲಿ ಕ್ಯಾಲಿಫೋರ್ನಿಯಾದ ಕಾನೂನು, ಗಾಲಿಯ ರಿಮ್ಮಿಗಿಂತ ಕೆಳಗಿಳಿದ ಕಾರನ್ನು ನಿಷೇಧಿಸಿತು. ಮರುವರ್ಷವೇ ರಾನ್ ಅಗೀರೆ ಎಂಬವರು ವಿಮಾನದ ಹೈಡ್ರಾಲಿಕ್ ಪಂಪು ಜೋಡಿಸಿ, ಬೇಕೆಂದಾಗ ಮೇಲೇಳುವ ಕಾರು ಕಟ್ಟಿದರು. ಆ ನಿಷೇಧ ತೊಲಗಿದ್ದು 2024ರಲ್ಲಿ.

ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಬದಲಾವಣೆಗೆ ಅಡ್ಡಿ. ಸ್ಪ್ರಿಂಗ್ ಕತ್ತರಿಸಿದರೆ ಕುಲುಕಾಟ ಹೆಚ್ಚಿ ಹಿಡಿತ ತಪ್ಪಲೂಬಹುದು. ಹುಲಿಹೈದರದ ದಾರಿಗೆ ಎತ್ತರದ ಕಾರೇ ಮೇಲು.